ಸಬ್‌ಸ್ಕ್ರೈಬ್‌ಗೆ ‘ಚಂದಾದಾರರಾಗಿ’ ಬದಲು ‘ತರಿಸಿಕೊಳ್ಳಿ’ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಒಂದು ಆರೆಸ್ಸೆಸ್ (RSS) ಫೀಡ್ ರೀಡರ್, ಅಂದ್ರೆ ಬೇರೆ ಬೇರೆ ಸೈಟುಗಳ ಹೊಸ ಬರಹಗಳನ್ನ ಒಂದೇ ಕಡೆ ತೋರಿಸೋ ಆಪ್, ಹಾಕಿಕೊಡೋಣ ಅಂತ ಕೂತಾಗ ಹುಟ್ಟಿದ ಪ್ರಶ್ನೆ ಇದು. ಅವರು 2013ರ ಜುಲೈನಲ್ಲಿ ಗೂಗಲ್ ರೀಡರ್ ಮುಚ್ಚೋವರೆಗೂ ಕನ್ನಡ ಬ್ಲಾಗುಗಳನ್ನೆಲ್ಲ ಅದರಲ್ಲೇ ಓದ್ತಿದ್ದೋರು, ಆಮೇಲೆ ಬಿಟ್ಟೇಬಿಟ್ರು. ಫೀಡ್ಲಿ, ಇನೋರೀಡರ್ ಎಲ್ಲಾ ನೋಡಿ ಕೊನೆಗೆ ಆಂಡ್ರಾಯ್ಡಿನ ಫೀಡರ್ ಆರಿಸಿದೆ, ಓಪನ್ ಸೋರ್ಸ್, ಅಕೌಂಟೂ ಬೇಡ ಪಾಸ್‌ವರ್ಡೂ ಬೇಡ, ಅವರಿಗೆ ಅದೇ ಸರಿ.

ಬಟನ್ನುಗಳ ಅರ್ಥ ಹೇಳಿಕೊಡುವಾಗ ನಾನು ಸಬ್‌ಸ್ಕ್ರೈಬ್ ಅಂದ್ರೆ ಚಂದಾದಾರರಾಗೋದು ಅಂದೆ. ತಕ್ಷಣ ಅಪ್ಪ, "ವರ್ಷಕ್ಕೆ ಎಷ್ಟು?" ಅಂದ್ರು. ಅವರು ಕೇಳಿದ್ದು ಸರಿಯಾಗೇ ಇದೆ, ಚಂದಾ ಅಂದ್ರೆ ನಮಗೆ ದುಡ್ಡೇ ತಾನೆ, ಗಣೇಶನಿಗೂ ಚಂದಾ ಎತ್ತೋದೇ, ವಾರಪತ್ರಿಕೆಗೂ ಚಂದಾ ಕಟ್ಟೋದೇ. ಇಲ್ಲಿ ಕಾಸು ಕೊಡೋ ಮಾತೇ ಇಲ್ಲ.

ಆದ್ರೆ ಮನೇಲಿ ನಾವು "ಯಾವ ಪೇಪರ್ ತರಿಸ್ತೀರಿ?" ಅಂತೀವಲ್ಲ, ಆ ‘ತರಿಸು’ ಇಲ್ಲಿ ತುಂಬಾ ಚೆನ್ನಾಗಿ ಕೂರುತ್ತೆ ಅಂತ ನನಗನ್ಸುತ್ತೆ. ಫೀಡ್ ಅನ್ನೋದು ಸೈಟಿನವರು ಇಟ್ಟಿರೋ ಒಂದು ಎಕ್ಸ್‌ಎಂಎಲ್ ಫೈಲು, ಇತ್ತೀಚಿನ ಬರಹಗಳ ತಲೆಬರಹ, ಲಿಂಕು, ತಾರೀಕು ಎಲ್ಲ ಅದರಲ್ಲಿರುತ್ತೆ, ಆಪ್ ಆಗಾಗ ತಾನೇ ಹೋಗಿ ಹೊಸದೇನಾದ್ರೂ ಬಂದಿದ್ಯಾ ಅಂತ ನೋಡಿ ತಗೊಂಡು ಬರುತ್ತೆ. ಅಂದ್ರೆ ನಾವು ಅದರ ಕೈಲಿ ತರಿಸ್ತಾ ಇದೀವಿ. ಇದೇ ಕಾರಣಕ್ಕೆ ಫೀಡ್‌ಗೆ ‘ಉಣಿಕೆ’ ಅನ್ನೋದು ನನಗೆ ಒಪ್ಪಿಗೆ ಆಗ್ತಿಲ್ಲ, ಇಲ್ಲಿ ಯಾರೂ ನಮ್ಮ ಬಾಯಿಗೆ ತುತ್ತಿಡ್ತಿಲ್ಲ. ‘ಹರಿವು’ ಅಂದ್ರೆ ಫೇಸ್‌ಬುಕ್ಕಿನ ಥರ ಮುಗಿಯದೇ ಬರೋದು ಅನ್ಸುತ್ತೆ. ಫೀಡ್ ಫೀಡೇ ಇರ್ಲಿ, ಫೀಡಿಗೆ, ಫೀಡಲ್ಲಿ ಅಂತ ವಿಭಕ್ತಿ ಸಲೀಸಾಗಿ ಹತ್ತುತ್ತೆ.

ಅನ್‌ಸಬ್‌ಸ್ಕ್ರೈಬ್‌ಗೂ "ಆ ಪೇಪರ್ ನಿಲ್ಲಿಸಿದ್ವಿ" ಅನ್ನೋ ಹಾಗೆ ‘ನಿಲ್ಲಿಸಿ’ ಸಾಕು.

ತೊಡಕು ಬರೋದು ನಾಮಪದದಲ್ಲಿ. ಸಬ್‌ಸ್ಕ್ರೈಬರ್‌ಗೆ ‘ತರಿಸುವವರು’ ಅಂದ್ರೆ ಉದ್ದ ಆಯ್ತು, ಏನನ್ನ ತರಿಸುವವರು ಅಂತಾನೂ ಕೇಳೋ ಹಾಗಾಗುತ್ತೆ. ಸಬ್‌ಸ್ಕ್ರಿಪ್ಶನ್ಸ್ ಅಂತ ಇರೋ ಕಡೆ ‘ನಾನು ತರಿಸೋವು’ ಅಂತ ಹಾಕಬಹುದಾ? ಕೆಲವರು ಪೇಪರ್ ‘ಹಾಕಿಸ್ತೀವಿ’ ಅಂತಾರೆ, ನಿಮ್ಮ ಊರ ಕಡೆ ಯಾವುದು ಬಳಕೇಲಿದೆ, ಇದಕ್ಕೆ ನಾಮಪದ ಏನಾದ್ರೂ ಇದ್ಯಾ, ದಯವಿಟ್ಟು ತಿಳಿಸಿ.