ವಕೀಲರ ಕಚೇರಿಯೊಳಗೇ ಭಾಷಾ ಮಾದರಿಯ ಸರ್ವರ್: ಒಂದು ಪ್ರಶ್ನೋತ್ತರ

ಪ್ರಶ್ನೆ: ವಕೀಲರು, ಪಿ.ಜೆ. ಬಡಾವಣೆ, ದಾವಣಗೆರೆ

ನಮ್ಮದು ನಾಲ್ವರು ವಕೀಲರು ಮತ್ತು ಇಬ್ಬರು ಗುಮಾಸ್ತರಿರುವ ಸಣ್ಣ ಕಚೇರಿ. ಬರುವ ಪ್ರಕರಣಗಳಲ್ಲಿ ಜಮೀನಿನ ವ್ಯಾಜ್ಯಗಳೇ ಹೆಚ್ಚು. ಕ್ರಯಪತ್ರ, ವಿಭಾಗಪತ್ರ, ದಾವಾ ಅರ್ಜಿ, ತಕರಾರು ಎಂದು ಹದಿನಾಲ್ಕು ವರ್ಷಗಳ ಕಾಗದಗಳು ಕಂಪ್ಯೂಟರಿನಲ್ಲಿವೆ. ಬಹುಪಾಲು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವು, ಉಳಿದವು ಸ್ಕ್ಯಾನ್ ಮಾಡಿಟ್ಟ ಪ್ರತಿಗಳು. ಯಾವುದೋ ಹಳೆಯ ಕಡತದಲ್ಲಿ ಬರೆದ ಚಕ್ಕುಬಂದಿಯನ್ನು (ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರ) ಹುಡುಕಲು ಗುಮಾಸ್ತರಿಗೆ ಕೆಲವೊಮ್ಮೆ ಅರ್ಧ ದಿನ ಹಿಡಿಯುತ್ತದೆ. ಈ ಕೆಲಸಕ್ಕೆ ಭಾಷಾ ಮಾದರಿಯನ್ನು, ಅಂದರೆ ಚಾಟ್‌ಜಿಪಿಟಿಯಂತೆ ಪಠ್ಯವನ್ನು ಓದಿ ಉತ್ತರ ಬರೆಯುವ ತಂತ್ರಾಂಶವನ್ನು, ಬಳಸಬೇಕೆಂಬ ಆಸೆಯಿದೆ. ಆದರೆ ಕಕ್ಷಿದಾರರು ನಂಬಿ ಕೊಟ್ಟ ಕಾಗದವನ್ನು ಹೊರಗಿನ ಯಾವುದೇ ಸೇವೆಗೆ ಕಳುಹಿಸಲು ನನಗೆ ಮನಸ್ಸಿಲ್ಲ. ಕಚೇರಿಯಲ್ಲೇ ಸರ್ವರ್ ಇಟ್ಟುಕೊಳ್ಳಬಹುದೆಂದು ಕೇಳಿ ವಿಚಾರಿಸಿದಾಗ ಅಂಗಡಿಯೊಂದು ಎರಡು ಲಕ್ಷ ಮೀರಿದ ಅಂದಾಜುಪಟ್ಟಿಯನ್ನು ಕೊಟ್ಟಿತು. ಅಷ್ಟು ದೊಡ್ಡ ಯಂತ್ರ ನಿಜವಾಗಿಯೂ ಬೇಕೇ? ನಮ್ಮ ಕಡತಗಳನ್ನೆಲ್ಲ ಕೊಟ್ಟು ಮಾದರಿಗೆ ತರಬೇತಿ ನೀಡಬೇಕೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಸರ್ವರ್ ನಿರ್ವಹಣೆಯ ಎಂಜಿನಿಯರ್, ಚಿತ್ರದುರ್ಗ

ವಕೀಲರೇ, ನಮಸ್ಕಾರ. ಯಂತ್ರವನ್ನು ಕೊಳ್ಳುವ ಮೊದಲು ನಿಮ್ಮ ಕಡತಗಳ ಸ್ಥಿತಿಯನ್ನು ನೋಡಬೇಕು. ನಿಮ್ಮ ಕೆಲಸದಲ್ಲಿ ಕಷ್ಟವಿರುವುದು ಅಲ್ಲಿಯೇ. ಆದರೂ ನೀವು ಕೇಳಿದ ಕ್ರಮದಲ್ಲೇ ಹೇಳುತ್ತೇನೆ.

ಮಾದರಿಯೊಂದಕ್ಕೆ ಎಷ್ಟು ಮೆಮೊರಿ ಬೇಕೆಂಬುದು ಕೈಲೆಕ್ಕಕ್ಕೆ ಸಿಗುವ ವಿಷಯ. ಗೂಗಲ್ 2025ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಜೆಮ್ಮಾ 3 ಎಂಬ ಮಾದರಿಯನ್ನು ತೆಗೆದುಕೊಳ್ಳೋಣ. ಅದು 1, 4, 12 ಮತ್ತು 27 ಶತಕೋಟಿ ಪ್ಯಾರಾಮೀಟರ್‌ಗಳ ಗಾತ್ರಗಳಲ್ಲಿ ಸಿಗುತ್ತದೆ. ಪ್ಯಾರಾಮೀಟರ್ ಎಂದರೆ ಮಾದರಿ ಕಲಿತದ್ದನ್ನು ಹಿಡಿದಿಡುವ ಒಂದು ಸಂಖ್ಯೆ. 12 ಶತಕೋಟಿಯದನ್ನು ಒಂದೊಂದು ಪ್ಯಾರಾಮೀಟರಿಗೆ 16 ಬಿಟ್, ಅಂದರೆ 2 ಬೈಟ್‌ನಂತೆ ಇಟ್ಟರೆ 24 ಜಿಬಿ ಬೇಕು. ಅದನ್ನೇ ಸುಮಾರು 4 ಬಿಟ್‌ಗೆ ಇಳಿಸುವ ಕ್ರಮಕ್ಕೆ ಕ್ವಾಂಟೈಸೇಶನ್ ಎನ್ನುತ್ತಾರೆ. ಹಾಗೆ ಇಳಿಸಿದ ಕಡತ 8 ಜಿಬಿಯ ಆಸುಪಾಸಿನಲ್ಲಿರುತ್ತದೆ, ಉತ್ತರದ ಗುಣಮಟ್ಟವೂ ಹೆಚ್ಚೇನೂ ಕುಗ್ಗುವುದಿಲ್ಲ. ಇದರ ಮೇಲೆ ನೀವು ಓದಿಸುವ ಪಠ್ಯಕ್ಕೂ ಜಾಗ ಬೇಕು. ಅದರ ಅಂದಾಜಿಗೆ ಮೆಟಾದ ಲಾಮಾ 3.1ರ 8 ಶತಕೋಟಿಯ ಮಾದರಿಯನ್ನು ನೋಡಿ: ಅಲ್ಲಿ ಒಂದು ಟೋಕನ್, ಅಂದರೆ ಮಾದರಿ ಓದುವ ಪದದ ಒಂದು ಚೂರು, ನೆನಪಿಟ್ಟುಕೊಳ್ಳಲು 128 ಕಿಲೋಬೈಟ್ ಬೇಕಾಗುವುದರಿಂದ 8,192 ಟೋಕನ್‌ಗಳಿಗೆ 1 ಜಿಬಿ ಆಗುತ್ತದೆ. ಹೀಗಾಗಿ 12 ಜಿಬಿ ಮೆಮೊರಿಯುಳ್ಳ ಆರ್‌ಟಿಎಕ್ಸ್ 3060 ದರ್ಜೆಯ ಗ್ರಾಫಿಕ್ಸ್ ಕಾರ್ಡ್ ನಿಮ್ಮ ಕೆಲಸಕ್ಕೆ ಸಾಕು. ಅದೇ ಹೆಸರಿನಲ್ಲಿ 8 ಜಿಬಿಯದೂ ಮಾರಾಟದಲ್ಲಿದೆ, ಅದನ್ನು ಕೊಳ್ಳಬೇಡಿ.

ಕಾರ್ಡೇ ಇಲ್ಲದೆ ಸಾಮಾನ್ಯ ಕಂಪ್ಯೂಟರಿನಲ್ಲೂ ಮಾದರಿ ಓಡುತ್ತದೆ, ಆದರೆ ನಿಧಾನವಾಗಿ. ಪ್ರತಿಯೊಂದು ಟೋಕನ್ ಬರೆಯುವಾಗಲೂ ಆ 8 ಜಿಬಿಯನ್ನೆಲ್ಲ ಮೆಮೊರಿಯಿಂದ ಒಮ್ಮೆ ಓದಲೇಬೇಕಾದ್ದರಿಂದ ವೇಗವು ಮೆಮೊರಿ ಎಷ್ಟು ಬೇಗ ಓದಿಕೊಡುತ್ತದೆ ಎಂಬುದನ್ನೇ ಅವಲಂಬಿಸಿದೆ. 3200 ವೇಗದ ಡಿಡಿಆರ್4 ರ‍್ಯಾಮ್ ಎರಡು ಕಡ್ಡಿಗಳಿದ್ದಾಗ ಎರಡು ಚಾನೆಲ್‌ಗಳಲ್ಲಿ ಸೆಕೆಂಡಿಗೆ 51.2 ಜಿಬಿ ಓದಿಕೊಡುತ್ತದೆ, ಅಂದರೆ ಹೆಚ್ಚೆಂದರೆ ಸೆಕೆಂಡಿಗೆ ಆರು ಟೋಕನ್. ರ‍್ಯಾಮ್ ಕಡ್ಡಿ ಒಂದೇ ಇದ್ದರೆ ಅದರ ಅರ್ಧ. ಮೇಲೆ ಹೇಳಿದ ಕಾರ್ಡಿನಲ್ಲಿ ಇದು ಸೆಕೆಂಡಿಗೆ 360 ಜಿಬಿ. ಹಾಗಾಗಿ ಮೊದಲು ಈಗಿರುವ ಕಂಪ್ಯೂಟರಿಗೆ ಎರಡನೆಯ ಕಡ್ಡಿ ಹಾಕಿಸಿ ಒಂದು ತಿಂಗಳು ಬಳಸಿ ನೋಡಿ. ನಿಜವಾಗಿ ಉಪಯೋಗವಾಗುತ್ತಿದೆ ಎನಿಸಿದ ಮೇಲೆ ಕಾರ್ಡ್ ಕೊಳ್ಳಬಹುದು.

ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. 2023ರಲ್ಲಿ ಆರಂಭವಾದ ಲಾಮಾ ಸಿಪಿಪಿ ಎಂಬ ಮುಕ್ತ ತಂತ್ರಾಂಶವೇ ಇಂಥ ಸಣ್ಣ ಯಂತ್ರಗಳಲ್ಲಿ ಮಾದರಿ ಓಡುವಂತೆ ಮಾಡಿದ್ದು. ಒಲಾಮಾ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಹಾಕಿಕೊಳ್ಳುವುದು ಅದಕ್ಕಿಂತಲೂ ಸುಲಭ. ಒಲಾಮಾ ತಾನಾಗಿ 127.0.0.1 ವಿಳಾಸದ 11434 ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಜಾಲದ ಬಾಗಿಲಿನಲ್ಲಿ, ಕೂರುತ್ತದೆ, ಆಗ ಅದೇ ಯಂತ್ರದವರು ಮಾತ್ರ ಬಳಸಬಹುದು. ಕಚೇರಿಯ ಉಳಿದ ಕಂಪ್ಯೂಟರ್‌ಗಳಿಗೂ ಸಿಗಬೇಕೆಂದರೆ ಸರ್ವರಿನ ಒಳಜಾಲದ ಐಪಿ ವಿಳಾಸವನ್ನು ಹೊಂದಿಸಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಆ ಪೋರ್ಟಿಗೆ ಪಾಸ್‌ವರ್ಡ್ ಇರುವುದಿಲ್ಲ. ಮನೆಯಿಂದಲೂ ಬಳಸಬಹುದೆಂದು ರೌಟರಿನಲ್ಲಿ ಪೋರ್ಟ್ ತೆರೆದಿಟ್ಟರೆ ಬೀದಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ, ಕಾಗದಗಳನ್ನು ಹೊರಗೆ ಕಳುಹಿಸಬಾರದೆಂಬ ನಿಮ್ಮ ಮೂಲ ಉದ್ದೇಶವೇ ಕೆಡುತ್ತದೆ. ಮನೆಯಿಂದ ಬೇಕೇ ಬೇಕೆಂದರೆ ಹೊರಗಿನವರು ನುಸುಳಲಾಗದ ಖಾಸಗಿ ಸಂಪರ್ಕ ಕೊಡುವ ವಿಪಿಎನ್ ಹಾಕಿಸಿಕೊಳ್ಳಿ.

ತರಬೇತಿ ಬೇಡ. ಹಳೆಯ ಕಾಗದದಲ್ಲಿ ಇದ್ದುದನ್ನು ಇದ್ದಂತೆ ಹುಡುಕಿ ತೋರಿಸಬೇಕಾದಲ್ಲಿ ತರಬೇತಿ ತಪ್ಪು ಉಪಾಯವೇ ಸರಿ. ತರಬೇತಿ ಪಡೆದ ಮಾದರಿಗೆ ಬರಹದ ಧಾಟಿ ಬರುತ್ತದೆ, ಸರ್ವೆ ನಂಬರು ಮಾತ್ರ ನಂಬುವಂತೆ ನೆನಪಿರುವುದಿಲ್ಲ. ನಿಮಗೆ ಬೇಕಾದುದು ಕಡತಗಳ ಸೂಚಿ. ಎಲ್ಲ ಕಾಗದಗಳನ್ನೂ ತುಂಡುತುಂಡಾಗಿ ಸೂಚಿಗೆ ಸೇರಿಸಿಟ್ಟು, ಪ್ರಶ್ನೆ ಬಂದಾಗ ಸಂಬಂಧಪಟ್ಟ ನಾಲ್ಕೈದು ತುಂಡುಗಳನ್ನು ಹುಡುಕಿ ತೆಗೆದು, ಅಷ್ಟನ್ನು ಮಾತ್ರ ಮಾದರಿಯ ಮುಂದಿಟ್ಟು, ಅದರೊಳಗಿಂದಲೇ ಉತ್ತರ ಹೇಳಿಸುವ ಕ್ರಮವಿದು. ಉತ್ತರದ ಜೊತೆಗೆ ಕಡತದ ಹೆಸರೂ ಪುಟವೂ ಬರುವಂತೆ ಕಡ್ಡಾಯವಾಗಿ ಮಾಡಿಸಿ.

ಇನ್ನು ನಾನು ಮೊದಲಿಗೆ ಹೇಳಿದ ಕಷ್ಟಕ್ಕೆ ಬರುತ್ತೇನೆ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಕನ್ನಡವಲ್ಲ. ಅದರಲ್ಲಿ ‘ಕನ್ನಡ’ ಎಂದು ಬರೆದ ಜಾಗವನ್ನು ಫಾಂಟ್ ಬದಲಿಸಿ ನೋಡಿ. ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೊಂದು ಓರೆಗೆರೆಯ ಎ, ಹೀಗೆ ಏಳು ಗುರುತುಗಳು ಕಾಣುತ್ತವೆ. ಮಾದರಿ ಓದುವುದೂ ಇದನ್ನೇ. ಎರಡು ಲಕ್ಷದ ಯಂತ್ರ ತಂದರೂ ಈ ಗುರುತುಗಳಿಂದ ಅದು ಚಕ್ಕುಬಂದಿಯನ್ನು ಹುಡುಕಿಕೊಡಲಾರದು. ಆದ್ದರಿಂದ ಮೊದಲ ಕೆಲಸ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಕ್ರಮಕ್ಕೆ, ಪರಿವರ್ತಿಸುವುದು. ಸ್ಕ್ಯಾನ್ ಪ್ರತಿಗಳಲ್ಲಿ ಮುದ್ರಿತವಾದವನ್ನು ಟೆಸರ‍್ಯಾಕ್ಟ್ ಎಂಬ ಉಚಿತ ತಂತ್ರಾಂಶದ ಕನ್ನಡ ಕಡತದಿಂದ ಪಠ್ಯವಾಗಿಸಬಹುದು, ಆದರೆ ಕೈಬರಹದ ಹಳೆಯ ಪತ್ರಗಳನ್ನು ಅದರ ಮೇಲೆ ಬಿಡಬೇಡಿ.

ಪ್ರಶ್ನೆ: ಅದೇ ವಕೀಲರು

ಇಷ್ಟು ತಾಳ್ಮೆಯಿಂದ ವಿವರಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ. ಇನ್ನೊಂದು ಸಂದೇಹವಿದೆ. ಕನ್ನಡದ ಕಾಗದಗಳನ್ನು ಓದಿಸಿದರೆ ಮಾದರಿ ಇಂಗ್ಲಿಷಿಗಿಂತ ನಿಧಾನವಾಗುತ್ತದೆ ಎನ್ನುತ್ತಾರೆ. ಇದು ನಿಜವೇ? ಹಾಗೆಯೇ, ನಮ್ಮ ಕಚೇರಿ ಮಂಡಕ್ಕಿ ಭಟ್ಟಿಗಳಿಗೆ ಹೋಗುವ ದಾರಿಯ ಕಡೆಗಿದ್ದು ಮಸಿಯೂ ಧೂಳೂ ಜಾಸ್ತಿ. ಯಂತ್ರವನ್ನು ಮರದ ಬೀರುವಿನೊಳಗೆ ಇಡಬಹುದೇ?

ಉತ್ತರ: ಎಂಜಿನಿಯರ್

ನಿಜ. ‘ಕ್ರಯಪತ್ರ’ ಎಂಬ ಪದವನ್ನೇ ನೋಡಿ: ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಹಲಂತ ಎಲ್ಲ ಬಿಡಿಸಿದರೆ ಎಂಟು ಸಂಕೇತ, ಒಂದೊಂದಕ್ಕೂ ಮೂರರಂತೆ 24 ಬೈಟ್. ಕನ್ನಡವನ್ನು ಸರಿಯಾಗಿ ಕಲಿಯದ ಮಾದರಿ ಇಂಥ ಪದವನ್ನು ಚೂರುಚೂರು ಮಾಡಿ ಹಲವು ಟೋಕನ್‌ಗಳಾಗಿ ಎಣಿಸುತ್ತದೆ. ಜೆಮ್ಮಾ 3ರ ಟೋಕನ್ ಪಟ್ಟಿ ಸುಮಾರು 2.6 ಲಕ್ಷದಷ್ಟು ದೊಡ್ಡದು, ಲಾಮಾ 3ರದು 1.28 ಲಕ್ಷ. ಕನ್ನಡದ ಕೆಲಸಕ್ಕೆ ನಾನು ಮೊದಲನೆಯದನ್ನು ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನಿಧಾನವನ್ನಾದರೂ ಸಹಿಸಬಹುದು, ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ನಾನು ಮೊದಲ ಬಾರಿ ಒಂಬತ್ತು ಪುಟದ ವಿಭಾಗಪತ್ರವೊಂದನ್ನು ಓದಿಸಿ ಪಾಲುದಾರರ ಹೆಸರು ಕೇಳಿದಾಗ, ಐವರಲ್ಲಿ ಕೊನೆಯ ಇಬ್ಬರನ್ನು ಮಾತ್ರ ಹೇಳಿತು. ಹೆಸರುಗಳೆಲ್ಲ ಮೊದಲ ಪುಟದಲ್ಲೇ ಇದ್ದವು. ಮಾದರಿ ಅಸಮರ್ಥವೆಂದು ಎರಡು ದಿನ ಬೇಸರಪಟ್ಟ ಮೇಲೆ ತಿಳಿದದ್ದೇನೆಂದರೆ, ಒಮ್ಮೆಗೆ ಓದಬಹುದಾದ ಟೋಕನ್‌ಗಳ ಮಿತಿ ಚಿಕ್ಕದಾಗಿದ್ದು, ಕನ್ನಡದ ಒಂಬತ್ತು ಪುಟ ಅದನ್ನು ಮೀರಿದಾಗ ಆರಂಭದ ಭಾಗವನ್ನು ಯಾವ ಎಚ್ಚರಿಕೆಯೂ ಇಲ್ಲದೆ ಕತ್ತರಿಸಿ ಉಳಿದದ್ದನ್ನು ಮಾತ್ರ ಓದಲಾಗಿತ್ತು. ಮಿತಿಯನ್ನು 16,384ಕ್ಕೆ ಏರಿಸಿದೊಡನೆ ಐವರೂ ಬಂದರು. ನೀವೂ ಮೊದಲ ದಿನವೇ ಈ ಮಿತಿಯನ್ನು ಪರಿಶೀಲಿಸಿ.

ಲೆಕ್ಕವನ್ನು ಮಾದರಿಗೆ ಒಪ್ಪಿಸಬೇಡಿ. 2 ಎಕರೆ 25 ಗುಂಟೆ, 1 ಎಕರೆ 30 ಗುಂಟೆ ಕೂಡಿಸು ಎಂದರೆ 3 ಎಕರೆ 55 ಗುಂಟೆ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. 40 ಗುಂಟೆಗೆ ಒಂದು ಎಕರೆಯೆಂದು ನಿಮ್ಮ ಗುಮಾಸ್ತರು ಕಣ್ಣು ಮುಚ್ಚಿಕೊಂಡೇ 4 ಎಕರೆ 15 ಗುಂಟೆ ಎನ್ನುತ್ತಾರೆ. ಮಾದರಿ ಎತ್ತಿಕೊಟ್ಟ ಪ್ರತಿಯೊಂದು ಅಂಕಿಯನ್ನೂ ಮೂಲ ಪತ್ರದ ಜೊತೆ ತಾಳೆ ನೋಡದೆ ನ್ಯಾಯಾಲಯಕ್ಕೆ ಒಯ್ಯಬಾರದು.

ಬೀರು ಬೇಡವೇ ಬೇಡ. ಆ ಕಾರ್ಡೊಂದೇ ಪೂರ್ತಿ ದುಡಿಯುವಾಗ 170 ವ್ಯಾಟ್ ಎಳೆಯುತ್ತದೆ, ಮುಚ್ಚಿದ ಬೀರುವಿನಲ್ಲಿ, ಅದರಲ್ಲೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಶಾಖಕ್ಕೆ ಹೋಗಲು ದಾರಿಯಿರುವುದಿಲ್ಲ. ನೆಲದಿಂದ ಒಂದಡಿ ಎತ್ತರದ ತೆರೆದ ಸ್ಟ್ಯಾಂಡಿನ ಮೇಲಿಟ್ಟು, ಗಾಳಿ ಒಳಹೋಗುವ ಕಡೆ ತೊಳೆಯಬಹುದಾದ ಜಾಲರಿ ಹಾಕಿಸಿ, ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಕರೆಂಟ್ ಹೋದಾಗ ಯಂತ್ರವನ್ನು ಕ್ರಮವಾಗಿ ಮುಚ್ಚುವಷ್ಟು ಹೊತ್ತು ನಿಲ್ಲುವ ಯುಪಿಎಸ್ ಇರಲಿ.

ಪ್ರಶ್ನೆ: ಪದವಿ ಕಾಲೇಜಿನ ಅಧ್ಯಾಪಕಿ, ಚಿತ್ರದುರ್ಗ

ಸರ್, ಇದೇ ಯಂತ್ರವನ್ನು ನಮ್ಮ ಪ್ರಯೋಗಾಲಯದಲ್ಲಿಟ್ಟರೆ ಇಪ್ಪತ್ತು ವಿದ್ಯಾರ್ಥಿಗಳು ಒಟ್ಟಿಗೆ ಬಳಸಬಹುದೇ?

ಉತ್ತರ: ಎಂಜಿನಿಯರ್

ಮೇಡಂ, ಮಾದರಿ ಮೆಮೊರಿಯಲ್ಲಿ ಒಂದೇ ಸಲ ಕೂರುತ್ತದೆ, ಆದರೆ ಪ್ರತಿ ವಿದ್ಯಾರ್ಥಿಯ ಸಂಭಾಷಣೆಗೂ ಪ್ರತ್ಯೇಕ ಜಾಗ ಬೇಕು. 12 ಜಿಬಿಯಲ್ಲಿ ಇಪ್ಪತ್ತು ಮಂದಿಗೆ ಇದು ಸಾಲದು. 4 ಶತಕೋಟಿಯ ಮಾದರಿಯನ್ನು ಹಾಕಿ, ಒಬ್ಬೊಬ್ಬರ ಪಠ್ಯದ ಮಿತಿಯನ್ನು ಕಡಿಮೆ ಮಾಡಿ, ಒಮ್ಮೆಗೆ ನಾಲ್ಕು ಪ್ರಶ್ನೆಗಳಷ್ಟೇ ನಡೆದು ಉಳಿದವು ಸರದಿಯಲ್ಲಿ ಕಾಯುವಂತೆ ಇಟ್ಟರೆ ಪಾಠಕ್ಕೆ ಅಡ್ಡಿಯಾಗದು.

ಪ್ರಶ್ನೆ: ದಾವಣಗೆರೆಯ ವಕೀಲರು, ಮೂರು ವಾರಗಳ ಬಳಿಕ

ನೀವು ಹೇಳಿದಂತೆ ಹೊಸ ಯಂತ್ರವನ್ನು ಕೊಳ್ಳದೆ ರ‍್ಯಾಮ್ ಮಾತ್ರ ಹಾಕಿಸಿ, ನಲವತ್ತು ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದೆವು. ಬಹಳಷ್ಟು ಸರಿಯಾಗಿ ಬಂದಿದೆ. ಆದರೆ ‘ಅರ್ಜಿದಾರ’ ಎಂದು ಹುಡುಕಿದರೆ ಅರ್ಧಕ್ಕರ್ಧ ಕಡತಗಳು ಸಿಗುತ್ತಿಲ್ಲ.

ಉತ್ತರ: ಎಂಜಿನಿಯರ್

‘ಅಜಿರ್ದಾರ’ ಎಂದು ಹುಡುಕಿ ನೋಡಿ, ಸಿಗುತ್ತವೆ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಆ ರಕಾರ ಅಕ್ಷರಕ್ಕಿಂತ ಮುಂಚೆ ಬರಬೇಕು. ಈ ಸ್ಥಳಾಂತರವನ್ನು ಮಾಡದ ಪರಿವರ್ತಕವು ‘ಕರ್ನಾಟಕ’ವನ್ನು ‘ಕನಾರ್ಟಕ’ ಎಂದೂ, ‘ವರ್ಷ’ವನ್ನು ‘ವಷರ್’ ಎಂದೂ ಬರೆದುಬಿಡುತ್ತದೆ. ಸಾಲುಸಾಲಾಗಿ ಕೈಯಲ್ಲಿ ತಿದ್ದುತ್ತ ಕೂರಬೇಡಿ, ತಿದ್ದುವಾಗ ಹೊಸ ತಪ್ಪುಗಳು ಸೇರುತ್ತವೆ. ಮೂಲ ಕಡತಗಳು ಹಾಗೆಯೇ ಇವೆಯಲ್ಲವೇ? ಬೇರೊಂದು ಪರಿವರ್ತಕದಿಂದ ಒಂದು ಕಡತವನ್ನು ಮಾತ್ರ ಪರಿವರ್ತಿಸಿ, ‘ಅರ್ಜಿ’, ‘ವರ್ಷ’, ‘ಪೂರ್ವಕ್ಕೆ’ ಎಂಬ ಮೂರು ಪದಗಳನ್ನು ಅದರಲ್ಲಿ ಹುಡುಕಿ. ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ’ ಇದ್ದೇ ಇರುವುದರಿಂದ ಅದೇ ಒಳ್ಳೆಯ ಪರೀಕ್ಷೆ. ಮೂರೂ ಸಿಕ್ಕ ಮೇಲೆ ನಲವತ್ತನ್ನೂ ಹೊಸದಾಗಿ ಪರಿವರ್ತಿಸಿ, ಹಳೆಯ ಸೂಚಿಯನ್ನು ಅಳಿಸಿ, ಹೊಸದನ್ನು ಕಟ್ಟಿಸಿ.