ದಾವಣಗೆರೆ ಎಚ್‌ಕ್ಯೂಗೆ ಎಂಆರ್ ಇಂಟರ್‌ವ್ಯೂ: ಏನೇನು ಕೇಳ್ತಾರೆ, ನಾವು ಏನು ಕೇಳಬೇಕು?

ಕೆಲಸಾರ್ಥಿ_ಡಿವಿಜಿ:
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮುಗಿದಿದೆ. ಮುಂದಿನ ಗುರುವಾರ ಔಷಧ ಕಂಪನಿಯೊಂದರಲ್ಲಿ ಎಂಆರ್ (ಮೆಡಿಕಲ್ ರೆಪ್ರೆಸೆಂಟೇಟಿವ್) ಹುದ್ದೆಗೆ ಇಂಟರ್‌ವ್ಯೂ ಇದೆ. ಎಚ್‌ಕ್ಯೂ, ಅಂದರೆ ಕೆಲಸದ ಕೇಂದ್ರ ಊರು, ದಾವಣಗೆರೆ; ಹರಿಹರ, ರಾಣೆಬೆನ್ನೂರು, ಚಿತ್ರದುರ್ಗವೂ ಸೇರುತ್ತವೆಯಂತೆ. ಮೊದಲು ಏರಿಯಾ ಮ್ಯಾನೇಜರ್, ಆಮೇಲೆ ಒಂದು ದಿನ ಫೀಲ್ಡ್, ಕೊನೆಗೆ ರೀಜನಲ್ ಮ್ಯಾನೇಜರ್. ಡೀಟೇಲಿಂಗ್ (ಡಾಕ್ಟರಿಗೆ ಔಷಧದ ಬಗ್ಗೆ ವಿವರಿಸುವುದು) ಮಾಡಿಸ್ತಾರೆ, ಲೆಕ್ಕವನ್ನೂ ಕೇಳ್ತಾರೆ ಅಂತ ಕೇಳಿದ್ದೇನೆ. ಆರು ದಿನದಲ್ಲಿ ಏನು ತಯಾರಿ ಮಾಡಿಕೊಳ್ಳಲಿ? ಇಂಟರ್‌ವ್ಯೂ ಆಫೀಸಿನಲ್ಲಲ್ಲ, ಹೋಟೆಲಿನಲ್ಲಿ. ಇದು ಸರಿಯೇ? ಸಂಬಳದ ಮಾತು ಯಾವಾಗ ಎತ್ತಬೇಕು?

ಮಧ್ಯಕರ್ನಾಟಕ_ಎಎಸ್‌ಎಂ:
ಹೋಟೆಲಿನಲ್ಲಿ ಇಂಟರ್‌ವ್ಯೂ ಅನ್ನೋದಕ್ಕೆ ಗಾಬರಿ ಬೇಡ. ಜಿಲ್ಲೆ ಮಟ್ಟದಲ್ಲಿ ಔಷಧ ಕಂಪನಿಗಳಿಗೆ ಸಾಮಾನ್ಯವಾಗಿ ಆಫೀಸೇ ಇರುವುದಿಲ್ಲ. ಮ್ಯಾನೇಜರ್‌ಗಳು ಊರೂರು ಸುತ್ತುವವರು. ಆದರೆ ಕರೆ ಬಂದದ್ದು ಕಂಪನಿಯ ಸ್ವಂತ ಇ-ಮೇಲ್ ವಿಳಾಸದಿಂದಲೇ ಎಂದು ನೋಡಿಕೊಳ್ಳಿ. ದಾವಣಗೆರೆಯಲ್ಲಿ ಅವರ ಸ್ಟಾಕಿಸ್ಟ್ (ಅಂಗಡಿಗಳಿಗೆ ಮಾಲು ಕೊಡುವ ಸಗಟು ವ್ಯಾಪಾರಿ) ಯಾರು ಎಂದು ಫೋನಿನಲ್ಲೇ ಕೇಳಿ. ನಿಜವಾದ ಕಂಪನಿಯಾದರೆ ಆ ಹೆಸರು ತಕ್ಷಣ ಬಾಯಿಗೆ ಬರುತ್ತದೆ. ನೋಂದಣಿ, ಟ್ರೈನಿಂಗ್, ಬ್ಯಾಗು, ಟ್ಯಾಬ್ ಅಂತ ಒಂದು ರೂಪಾಯಿ ಕೇಳಿದರೂ ಎದ್ದು ಬನ್ನಿ. ಅಂಕಪಟ್ಟಿಯ ಮೂಲಪ್ರತಿ ತೋರಿಸಬಹುದು, ಕೊಟ್ಟು ಬರಬಾರದು.

ಇನ್ನು ಮೊದಲ ಸುತ್ತು. 'ನಿಮ್ಮ ಬಗ್ಗೆ ಹೇಳಿ' ಅಂದಾಗ ಮನೆಮಂದಿಯ ವಿವರ ಬೇಡ. ಓದು, ಗೊತ್ತಿರುವ ಭಾಷೆಗಳು, ಬೈಕು ಮತ್ತು ಲೈಸೆನ್ಸ್, ಆ ಊರುಗಳ ಪರಿಚಯ ಎಲ್ಲ ಸೇರಿ ಒಂದು ನಿಮಿಷ ಸಾಕು. 'ಜನರ ಜೊತೆ ಮಾತಾಡೋದು ಇಷ್ಟ' ಎಂಬ ಉತ್ತರ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎದುರು ಕೂತವರು ಹುಡುಕುವುದು ಒಂದೇ: ಈ ಹುಡುಗ ಫೀಲ್ಡ್ ಅಂದರೆ ಏನು ಅಂತ ಕಣ್ಣಾರೆ ನೋಡಿದ್ದಾನಾ? ಹಾಗಾಗಿ ಆರು ದಿನದಲ್ಲಿ ಎರಡು ದಿನವನ್ನು ಆರ್‌ಸಿಪಿಎಗೆ ಇಡಿ. ಯಾವ ಡಾಕ್ಟರು ಯಾವ ಬ್ರಾಂಡ್ ಬರೆಯುತ್ತಾರೆ ಎಂದು ಮೆಡಿಕಲ್ ಶಾಪಿನಲ್ಲಿ ವಿಚಾರಿಸಿ ಬರೆದುಕೊಳ್ಳುವ ಕೆಲಸ ಅದು. ಕಂಪನಿಯ ವೆಬ್‌ಸೈಟಿನಿಂದ ನಾಲ್ಕು ಬ್ರಾಂಡ್ ಆರಿಸಿಕೊಂಡು ಐದಾರು ಅಂಗಡಿಗೆ ಹೋಗಿ. ಎದುರಾಳಿ ಬ್ರಾಂಡ್, ಸ್ಟ್ರಿಪ್ಪಿನಲ್ಲಿ 10 ಮಾತ್ರೆಯೋ 15 ಮಾತ್ರೆಯೋ, ಎಂಆರ್‌ಪಿ, ದಿನಕ್ಕೆ ಸುಮಾರು ಎಷ್ಟು ಹೋಗುತ್ತದೆ, ಇಷ್ಟನ್ನು ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆಯಿರಿ. ಹೋಲಿಕೆ ಮಾತ್ರೆಯ ಲೆಕ್ಕದಲ್ಲಿರಲಿ. 15ರ ಸ್ಟ್ರಿಪ್ಪನ್ನು 10ರ ಸ್ಟ್ರಿಪ್ಪಿನ ಪಕ್ಕ ಇಟ್ಟು 'ನಮ್ಮದು ದುಬಾರಿ' ಅಂದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಮುಂದಿನ ಮಾತೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಡೀಟೇಲಿಂಗ್‌ಗೆ ಪ್ಯಾಂಟೊಪ್ರಜೋಲ್ 40 (ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ) ಥರದ ಮಾಮೂಲಿ ಔಷಧವನ್ನೇ ಕೊಡುತ್ತಾರೆ. ವಿಷುಯಲ್ ಏಡ್ (ಔಷಧದ ಚಿತ್ರ, ವಿವರ ಇರುವ ಪುಸ್ತಕ) ಎಡಗೈಯಲ್ಲಿ, ಪುಟ ಡಾಕ್ಟರ ಕಡೆಗೆ. ತೋರಿಸುವುದು ಮುಚ್ಚಿದ ಪೆನ್ನಿನಿಂದ, ಬೆರಳಿನಿಂದಲ್ಲ. ಪುಸ್ತಕವನ್ನು ಅವರ ಕೈಗೆ ಕೊಟ್ಟರೆ ಅವರು ತಮಗೆ ಬೇಕಾದ ಪುಟ ತಿರುವುತ್ತಾರೆ, ನಿಮ್ಮ ಮಾತು ಅಲ್ಲಿಗೆ ಮುಗಿಯಿತು. ಕಣ್ಣು ಪುಟದ ಮೇಲಲ್ಲ, ಡಾಕ್ಟರ ಮುಖದ ಮೇಲೆ. ಒಂದು ಬ್ರಾಂಡಿಗೆ 45 ಸೆಕೆಂಡು ಸಿಕ್ಕರೆ ದೊಡ್ಡದು: ಯಾವ ರೋಗಿಗೆ, ಏನು ಉಪಯೋಗ, ಡೋಸ್ ಎಷ್ಟು, ಬೆಲೆ ಎಷ್ಟು. ಕೊನೆಗೆ 'ಬರೆಯಿರಿ' ಎಂದು ಬಾಯಿಬಿಟ್ಟು ಕೇಳಬೇಕು. ಹೆಚ್ಚಿನವರು ಎಲ್ಲ ಚೆನ್ನಾಗಿ ಹೇಳಿ ಈ ಕೊನೆಯ ಮಾತನ್ನೇ ನುಂಗುತ್ತಾರೆ. ಸಿಬಿಝಡ್ ಓದಿದವರಿಗೆ ಇನ್ನೂ ಒಂದೆರಡು ಪ್ರಶ್ನೆ ಖಂಡಿತ: ಆಮ್ಲ ಸುರಿಸುವ ಪ್ರೋಟಾನ್ ಪಂಪ್ ಎಲ್ಲಿರುತ್ತದೆ, ತಿಂಡಿಗೆ ಮುಂಚೆ ಯಾಕೆ, ಮಾತ್ರೆಗೆ ಎಂಟೆರಿಕ್ ಕೋಟಿಂಗ್ ಯಾಕೆ. ಹೊಟ್ಟೆಯ ಆಮ್ಲದಲ್ಲಿ ಈ ಔಷಧ ಹಾಳಾಗುತ್ತದೆ, ಕರುಳಿಗೆ ಹೋಗಿ ಕರಗಲಿ ಅಂತ ಕೋಟಿಂಗ್. ಅದಕ್ಕೇ ಮಾತ್ರೆಯನ್ನು ಪುಡಿ ಮಾಡಬಾರದು.

ಫೀಲ್ಡ್_ಸೀನಿಯರ್:
ಎಎಸ್‌ಎಂ ಸರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ರೋಲ್ ಪ್ಲೇಯಲ್ಲಿ ಬಾಯಿಗೆ ಬಂದ ಹೊಗಳಿಕೆ ಈಗ ನಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಯುಸಿಪಿಎಂಪಿ ಎಂಬ ಔಷಧ ಪ್ರಚಾರ ಸಂಹಿತೆ ಹೊರಡಿಸಿದೆ. ಅದರ ಪ್ರಕಾರ ಬರೀ 'ಸೇಫ್' ಅನ್ನುವಂತಿಲ್ಲ. ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಸಿಗುತ್ತಿರುವ ಔಷಧವನ್ನು 'ಹೊಸದು' ಅನ್ನುವಂತಿಲ್ಲ. ಎದುರಾಳಿ ಬ್ರಾಂಡನ್ನು ಹೀಗಳೆಯುವಂತಿಲ್ಲ. ಡಾಕ್ಟರಿಗಾಗಲಿ ಮನೆಯವರಿಗಾಗಲಿ ಉಡುಗೊರೆ ಇಲ್ಲ. ಸ್ಯಾಂಪಲ್ ಕೂಡ ಒಬ್ಬ ಡಾಕ್ಟರಿಗೆ ಒಂದು ಔಷಧದ್ದು ವರ್ಷಕ್ಕೆ 12 ಪ್ಯಾಕ್ ಮೀರಬಾರದು. 'ಡಾಕ್ಟರು ಗಿಫ್ಟ್ ಕೇಳಿದರೆ ಏನು ಮಾಡ್ತೀಯಪ್ಪಾ?' ಎಂದು ಕೇಳುವುದು ಇದನ್ನು ತಿಳಿದಿದ್ದಾನೆಯೇ ಎಂದು ನೋಡುವುದಕ್ಕೆ. 'ಹೇಗಾದರೂ ಒಪ್ಪಿಸ್ತೀನಿ ಸರ್' ಅನ್ನುವುದು ತಪ್ಪು ಉತ್ತರ.

ಫೀಲ್ಡ್ ದಿನ ಬೆಳಗ್ಗೆಯಿಂದ ರಾತ್ರಿ ಓಪಿಡಿ ಮುಗಿಯುವತನಕ ಜೊತೆಯಲ್ಲಿರಬೇಕಾಗುತ್ತದೆ. ಡಾಕ್ಟರ ಕೋಣೆಯಲ್ಲಿ ನಿಮಗೆ ಮಾತಿಲ್ಲ, ಮ್ಯಾನೇಜರ್ ಹಿಂದೆ ನಿಂತು ಗಮನಿಸುವುದಷ್ಟೆ. ಹೊರಗೆ ಬಂದ ಕೂಡಲೇ ಡಾಕ್ಟರು ಏನು ಅಂದರು, ಮೇಜಿನ ಮೇಲೆ ಯಾವ ಕಂಪನಿಯ ಪ್ಯಾಡ್ ಇತ್ತು ಎಂದು ಕೇಳುತ್ತಾರೆ. ಚೀಟಿಯಲ್ಲಿ ಬರೆದುಕೊಳ್ಳಿ. ಮಧ್ಯಾಹ್ನ ಕಾಯುವಾಗ ಮೊಬೈಲ್ ಹಿಡಿದು ಕೂತರೆ ಅದನ್ನೂ ಗಮನಿಸುತ್ತಾರೆ.

ಸ್ಟಾಕಿಸ್ಟ್_ಲೆಕ್ಕ:
ಲೆಕ್ಕದ ಭಾಗ ನಾನು ಹೇಳ್ತೀನಿ. ಮೂರು ಲೆಕ್ಕ ಬಂದರೆ ಸಾಕು, ಕ್ಯಾಲ್ಕುಲೇಟರ್ ಇಲ್ಲದೆ ಬರಬೇಕು.

ಒಂದು, ಬೆಲೆ. ಎಂಆರ್‌ಪಿ 105 ಇದ್ದು ಜಿಎಸ್‌ಟಿ 5% ಅನ್ನಿ. ತೆರಿಗೆ ತೆಗೆದರೆ 100. ಬೆಲೆ ನಿಯಂತ್ರಣವಿಲ್ಲದ ಔಷಧಕ್ಕೆ ಅಂಗಡಿಯವರ ಮಾರ್ಜಿನ್ 20% ಎಂಬುದು ರೂಢಿ, ಅಂದರೆ ಪಿಟಿಆರ್ (ಅಂಗಡಿಗೆ ಬೀಳುವ ಬೆಲೆ) 80. ಅದರಲ್ಲಿ ಸ್ಟಾಕಿಸ್ಟಿಗೆ 10%, ಪಿಟಿಎಸ್ (ಸ್ಟಾಕಿಸ್ಟಿಗೆ ಬೀಳುವ ಬೆಲೆ) 72. ಸರ್ಕಾರ ಗರಿಷ್ಠ ಬೆಲೆ ಕಟ್ಟಿರುವ ಔಷಧದಲ್ಲಿ ಅಂಗಡಿಯವರಿಗೆ 16%. ಆದರೆ ಅದು ಪಿಟಿಆರ್ ಮೇಲೆ. ಹಾಗಾಗಿ 100 ಭಾಗಿಸು 1.16, ಉತ್ತರ 86.21. ಆತುರದಲ್ಲಿ 84 ಅಂದುಬಿಡುತ್ತಾರೆ.

ಎರಡು, ಸ್ಕೀಮು. 10+1 ಅಂದರೆ 10% ರಿಯಾಯಿತಿ ಅಲ್ಲ. ಹನ್ನೊಂದರ ಮಾಲಿಗೆ ಹತ್ತರ ದುಡ್ಡು, ಅಂದರೆ ಹನ್ನೊಂದರಲ್ಲಿ ಒಂದು: 9.09%.

ಮೂರು, ಸೆಕೆಂಡರಿ, ಅಂದರೆ ಸ್ಟಾಕಿಸ್ಟಿನಿಂದ ಅಂಗಡಿಗೆ ಆದ ಮಾರಾಟ. ಓಪನಿಂಗ್ 240 ಸ್ಟ್ರಿಪ್, ಕಂಪನಿಯಿಂದ ಬಂದದ್ದು 600, ಕ್ಲೋಸಿಂಗ್ 180. ಸ್ಟಾಕಿಸ್ಟಿನಿಂದ ಅಂಗಡಿಗೆ ಹೋದದ್ದು 660. ಇದರ ಹಿಂದೆಯೇ 'ತಿಂಗಳ ಕೊನೆ, ಟಾರ್ಗೆಟ್ ಮುಟ್ಟಿಲ್ಲ, ಏನು ಮಾಡ್ತೀರಿ?' ಎಂಬ ಪ್ರಶ್ನೆ ಬರುತ್ತದೆ. ಸ್ಟಾಕಿಸ್ಟಿಗೆ ಮಾಲು ತುಂಬಿಸ್ತೀನಿ ಅನ್ನಬೇಡಿ. ಡಾಕ್ಟರ ಚೀಟಿ ಇಲ್ಲದೆ ತುಂಬಿಸಿದ ಮಾಲು ಕಪಾಟಿನಲ್ಲಿ ಕೂರುತ್ತದೆ, ಮುಂದಿನ ತಿಂಗಳ ಆರ್ಡರು ಬರುವುದಿಲ್ಲ, ಕೊನೆಗೆ ಎಕ್ಸ್‌ಪೈರಿಯಾಗಿ ವಾಪಸ್ ಬರುತ್ತದೆ. ಯಾವ ಅಂಗಡಿಯಲ್ಲಿ ಸ್ಟಾಕ್ ಮುಗಿದಿದೆ ನೋಡಿ, ಚೀಟಿ ಬರುತ್ತಿರುವ ಡಾಕ್ಟರ ಸುತ್ತಲಿನ ಅಂಗಡಿಗಳಿಂದ ಪಿಓಬಿ, ಅಂದರೆ ನೀವೇ ಬರೆದುಕೊಂಡ ಆರ್ಡರು, ತರುತ್ತೇನೆ ಎನ್ನಿ.

ಕೆಲಸಾರ್ಥಿ_ಡಿವಿಜಿ:
ತುಂಬಾ ಧನ್ಯವಾದ ಸರ್. ಸಂಬಳದ ಬಗ್ಗೆಯೂ ಯಾರಾದರೂ ಹೇಳಿ. ಇನ್ನೊಂದು, ಪರಿಚಯವೇ ಇಲ್ಲದ ಮೆಡಿಕಲ್ ಶಾಪಿನವರು ಉತ್ತರ ಕೊಡ್ತಾರಾ?

ಮಧ್ಯಕರ್ನಾಟಕ_ಎಎಸ್‌ಎಂ:
ಸಂಬಳ ಕೊನೆಯ ಸುತ್ತಿನಲ್ಲಿ, ಆದರೆ ಪೂರ್ತಿಯಾಗಿ ಕೇಳಿ. ತಿಂಗಳಿಗೆ 25,000 ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದರು ಅಂದುಕೊಳ್ಳಿ. ಅದರೊಳಗೆ ಇನ್ಸೆಂಟಿವ್ 4,000, ಕಂಪನಿ ಪಾಲಿನ ಪಿಎಫ್ 1,800, ಜೊತೆಗೆ ಇಎಸ್‌ಐ, ಗ್ರಾಚ್ಯುಟಿ ಸೇರಿದ್ದರೆ ನಿಮ್ಮ ಗ್ರಾಸ್ 18,000 ಆಸುಪಾಸು. ನಿಮ್ಮ ಪಾಲಿನ ಪಿಎಫ್, ಇಎಸ್‌ಐ ಕಳೆದರೆ ಕೈಗೆ 16,000. ಇನ್ಸೆಂಟಿವ್ ಎಷ್ಟು ಶೇಕಡಾ ಸಾಧನೆಯಿಂದ ಶುರು, ಮಾಲು ವಾಪಸ್ ಬಂದರೆ ಅದರಲ್ಲಿ ಕಡಿಯುತ್ತಾರಾ ಎಂದು ಕೇಳಲೇಬೇಕು. ಆಮೇಲೆ ಎಸ್‌ಎಫ್‌ಸಿ, ಅಂದರೆ ಪ್ರಯಾಣ ದರದ ಪಟ್ಟಿ, ತೋರಿಸಲು ಹೇಳಿ. ಯಾವ ಊರು ಎಚ್‌ಕ್ಯೂ, ಯಾವುದು ಎಕ್ಸ್‌-ಸ್ಟೇಷನ್ (ಅದೇ ದಿನ ಹೋಗಿಬರುವ ಊರು), ಯಾವುದು ಔಟ್‌ಸ್ಟೇಷನ್ (ರಾತ್ರಿ ಉಳಿಯುವ ಊರು), ಕಿಲೋಮೀಟರಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಚಿತ್ರದುರ್ಗ ಹೋಗಿಬಂದರೆ ಹತ್ತಿರ ಹತ್ತಿರ 120 ಕಿಲೋಮೀಟರ್. ಅದನ್ನು ಎಕ್ಸ್ ಅಂತ ಹಾಕಿದ್ದಾರೋ ಔಟ್‌ಸ್ಟೇಷನ್ ಅಂತಲೋ ಎಂಬುದರ ಮೇಲೆ ತಿಂಗಳ ಡಿಎ (ದಿನಭತ್ಯೆ) ಬಹಳ ವ್ಯತ್ಯಾಸವಾಗುತ್ತದೆ. ಇಂಥ ಪ್ರಶ್ನೆ ಕೇಳಿದ ಹುಡುಗನನ್ನು ಒಳ್ಳೆಯ ಮ್ಯಾನೇಜರ್ ತಪ್ಪು ತಿಳಿಯುವುದಿಲ್ಲ. ಸೇರುವಾಗಲೇ ನೇಮಕಾತಿ ಪತ್ರ ಕೊಡಬೇಕೆಂದು ಎಂಆರ್‌ಗಳಿಗೆಂದೇ ಮಾಡಿದ 1976ರ ಕಾಯ್ದೆಯಲ್ಲೇ ಹೇಳಿತ್ತು. ಬರೀ ವಾಟ್ಸಾಪ್ ಸಂದೇಶ ನಂಬಿ ಇರುವ ಕೆಲಸ ಬಿಡಬೇಡಿ.

ಮೆಡಿಕಲ್_ಕೌಂಟರ್:
ಉತ್ತರ ಕೊಡ್ತೀವಪ್ಪಾ, ಹೊತ್ತು ನೋಡಿ ಬಂದರೆ. ಸಂಜೆ 6ರಿಂದ 9 ಬರಲೇಬೇಡ. ಮಧ್ಯಾಹ್ನ 3ರ ಸುಮಾರಿಗೆ ಬಾ, ಗಿರಾಕಿ ಬಂದರೆ ಪಕ್ಕಕ್ಕೆ ಸರಿದು ನಿಲ್ಲು. ಇಂಟರ್‌ವ್ಯೂಗೆ ತಯಾರಿ ಅಂತ ನಿಜ ಹೇಳು, ಕಂಪನಿಯವನು ಅಂತ ಸುಳ್ಳು ಬೇಡ. 'ಯಾವುದು ಚೆನ್ನಾಗಿ ಹೋಗುತ್ತೆ' ಅಂದರೆ ಯಾರೂ ಬಾಯಿಬಿಡಲ್ಲ. 'ಪ್ಯಾಂಟೊಪ್ರಜೋಲ್ 40ರಲ್ಲಿ ಮೊದಲ ಮೂರು ಯಾವುವು ಸರ್' ಅಂದರೆ ಕಪಾಟು ತೋರಿಸ್ತೀವಿ. ರೋಗಿಯ ಚೀಟಿಯ ಫೋಟೊ ತೆಗೆಯಬಾರದು, ಹೆಸರು ಕೇಳಬಾರದು. ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಂಡು ಹೋಗು: ಆ ಕಂಪನಿ ಎಕ್ಸ್‌ಪೈರಿ ಮಾಲು ವಾಪಸ್ ತಗೊಂಡು ಕ್ರೆಡಿಟ್ ನೋಟ್ ಸರಿಯಾಗಿ ಕೊಡ್ತಿದೆಯಾ ಅಂತ. ಕೊಡದಿದ್ದರೆ ನೀನು ಎಷ್ಟೇ ಚೀಟಿ ಬರೆಸಿದರೂ ಅಂಗಡಿಯವರು ಆ ಬ್ರಾಂಡ್ ಇಡುವುದಿಲ್ಲ. ಹಳೇ ಬಾಕಿಯ ಜಗಳವೆಲ್ಲ ಸೇರಿದ ಮೊದಲ ವಾರವೇ ನಿನ್ನ ತಲೆಗೆ ಬರುತ್ತದೆ.