ಹಸಿ ಕೊತ್ತಂಬರಿ ಸಾಬೂನಿನಂತೆ ನಾರುತ್ತದೆ ಎನ್ನುವ ಸೊಸೆ

ಪ್ರಶ್ನೆ (ಗೃಹಿಣಿ, ಶಹಾಪುರ, ಯಾದಗಿರಿ ಜಿಲ್ಲೆ):
ಶರಣು ಮೇಡಂ. ಜುಣಕವಿರಲಿ, ಎಣ್ಣೆಗಾಯಿಯಿರಲಿ, ಕೊನೆಗೆ ಒಂದು ಹಿಡಿ ಹಸಿ ಕೊತ್ತಂಬರಿ ಹಾಕದೆ ಒಲೆಯಿಂದ ಇಳಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಹೊಸದಾಗಿ ಬಂದ ಸೊಸೆ ಅದು ಬಿದ್ದ ಪಲ್ಯವನ್ನು ಮುಟ್ಟುವುದಿಲ್ಲ. ಸಾಬೂನು ಬಾಯಿಗೆ ಹೋದ ಹಾಗಾಗುತ್ತದೆ ಎನ್ನುತ್ತಾಳೆ. ಆದರೆ ಧನಿಯಾ ಪುಡಿ ಹಾಕಿದ ಸಾರನ್ನು ಮತ್ತೆ ಬಡಿಸಿಕೊಂಡು ಉಣ್ಣುತ್ತಾಳೆ. ಒಂದೇ ಗಿಡದ ಕಾಳು ಬೇಕು, ಎಲೆ ಬೇಡ ಎಂದರೆ ನೆಪವಲ್ಲವೇ ಎಂದು ಮನೆಯವರು ಕೇಳುತ್ತಿದ್ದಾರೆ. ಇದು ಹುಟ್ಟಿನಿಂದಲೇ ಬರುತ್ತದೆಯೇ?

ಉತ್ತರ (ತಳಿವಿಜ್ಞಾನ ಪ್ರಾಧ್ಯಾಪಕಿ, ಕಲಬುರಗಿ):
ಶರಣು ತಾಯಿ. ಯಾವುದನ್ನು ನೀವು ನೆಪವೆಂದು ಶಂಕಿಸಿದ್ದೀರೋ ಅದೇ ಆಕೆಯ ಮಾತು ನಿಜವೆನ್ನಲು ಒಳ್ಳೆಯ ಆಧಾರ. ಹಸಿ ಎಲೆಯ ವಾಸನೆ ಬರುವುದು ಮುಖ್ಯವಾಗಿ ಡೆಕನಾಲ್‌ನಂತಹ, ಆಲ್ಡಿಹೈಡು ಎಂಬ ಗುಂಪಿನ ರಾಸಾಯನಿಕಗಳಿಂದ. ಇದೇ ಬಗೆಯ ವಸ್ತುಗಳು ಸಾಬೂನಿನಲ್ಲಿಯೂ ಕೆಲವು ನಾರುವ ತಿಗಣೆಗಳ ದ್ರವದಲ್ಲಿಯೂ ಇರುತ್ತವೆ. ಒಣಗಿದ ಕಾಳಿನ ಘಮದಲ್ಲಿ ಮೇಲುಗೈ ಲಿನಲೂಲ್ ಎಂಬ ಬೇರೆಯೇ ವಸ್ತುವಿನದು. ಆದ್ದರಿಂದ ಒಂದನ್ನು ಒಲ್ಲೆನೆನ್ನುವ ಮೂಗು ಇನ್ನೊಂದನ್ನು ಸಂತೋಷದಿಂದ ಒಪ್ಪಬಹುದು.

ಮೂಗಿನ ಒಳಗೆ, ಮೇಲ್ಭಾಗದ ಪೊರೆಯಲ್ಲಿರುವ ನರಕೋಶಗಳ ತುದಿಯಲ್ಲಿ ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿದ್ದು, ಮನುಷ್ಯರಲ್ಲಿ ಇವುಗಳನ್ನು ರೂಪಿಸುವ ಸುಮಾರು 400 ಜೀನುಗಳು ಕೆಲಸ ಮಾಡುತ್ತಿವೆ. ಈ ಜೀನುಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವುಗಳಲ್ಲಿ ಓಆರ್6ಎ2 ಎಂಬುದು 11ನೆಯ ವರ್ಣತಂತುವಿನಲ್ಲಿದೆ, ಮತ್ತು ಅದರ ಗ್ರಾಹಕವು ಆಲ್ಡಿಹೈಡುಗಳಿಗೆ ಚುರುಕಾಗಿ ಸ್ಪಂದಿಸುತ್ತದೆ. ಕೊತ್ತಂಬರಿಯಲ್ಲಿ ಸಾಬೂನಿನ ವಾಸನೆ ಕಾಣುವವರಲ್ಲಿ ಈ ಜೀನಿನ ಆಸುಪಾಸಿನ ಡಿಎನ್‌ಎ ಬರಹದಲ್ಲಿ ಒಂದು ಅಕ್ಷರದ ವ್ಯತ್ಯಾಸ ಹೆಚ್ಚಾಗಿ ಕಂಡುಬರುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಬೀದರ್):
ಮೇಡಂ, ಹಾಗಾದರೆ ಜೀನ್ ಪರೀಕ್ಷೆ ಮಾಡಿಸಿದರೆ ಖಚಿತವಾಗುವುದಿಲ್ಲವೇ?

ಉತ್ತರ:
ಆಗುವುದಿಲ್ಲ, ಖರ್ಚು ಮಾಡಬೇಡಿ. ಆ ವ್ಯತ್ಯಾಸವಿದ್ದೂ ಕೊತ್ತಂಬರಿಯನ್ನು ಇಷ್ಟಪಡುವವರಿದ್ದಾರೆ, ಇಲ್ಲದೆಯೂ ದೂರವಿಡುವವರಿದ್ದಾರೆ. ಒಟ್ಟು ಇಷ್ಟಾನಿಷ್ಟದಲ್ಲಿ ಅದರ ಪಾಲು ಸಣ್ಣದು. ಬಾಲ್ಯದ ಊಟದ ರೂಢಿಯೂ ಇದರಲ್ಲಿ ಸೇರಿರಬಹುದು. ಕೆನಡಾದಲ್ಲಿ ಯುವಜನರನ್ನು ಕೇಳಿ ನೋಡಿದಾಗ, ಕೊತ್ತಂಬರಿ ಬೇಡವೆಂದವರು ಪೂರ್ವ ಏಷ್ಯಾ ಮೂಲದವರಲ್ಲಿ ಶೇ 21ರಷ್ಟಿದ್ದರೆ ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ 7ರಷ್ಟೇ ಇದ್ದರು. ನಮ್ಮ ಕಡೆ ಇಂಥವರು ವಿರಳ, ಹಾಗಾಗಿಯೇ ಅವರ ಮಾತನ್ನು ಯಾರೂ ನಂಬುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಶಹಾಪುರದ ತಾಯಿಯವರಿಗೆ ಇನ್ನೊಂದು ಮಾತು. ಸೊಪ್ಪನ್ನು ನುಣ್ಣಗೆ ಅರೆದು ಸ್ವಲ್ಪ ಹೊತ್ತು ಬಿಟ್ಟರೆ ಎಲೆಯೊಳಗಿನ ಕಿಣ್ವಗಳು ಆಲ್ಡಿಹೈಡುಗಳನ್ನು ಒಡೆಯುವುದರಿಂದ ಆ ವಾಸನೆ ತಗ್ಗುತ್ತದೆ. ಸೊಸೆ ಒಪ್ಪಿದರೆ ಚಟ್ನಿಯಾಗಿ ಕೊಟ್ಟು ನೋಡಿ, ಒಪ್ಪದಿದ್ದರೆ ಆಕೆಯ ಪಾಲನ್ನು ಮೊದಲೇ ತೆಗೆದಿಟ್ಟು ಉಳಿದದ್ದಕ್ಕೆ ಸೊಪ್ಪು ಹಾಕಿ. ಮೊದಲು ಎಲ್ಲ ವಾಸನೆಯೂ ಸರಿಯಾಗಿಯೇ ತಿಳಿಯುತ್ತಿದ್ದು, ನೆಗಡಿ ಜ್ವರದ ನಂತರ ಒಮ್ಮೆಲೇ ಈರುಳ್ಳಿ, ಕಾಫಿ ಎಲ್ಲವೂ ಕೆಟ್ಟದಾಗಿ ನಾರತೊಡಗಿದ್ದರೆ ಮಾತ್ರ ಅದು ಈ ಜೀನಿನ ವಿಷಯವಲ್ಲ. ಆಗ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು.